ಅಜೂಜಿ ಅಂದರೆ ನಮ್ಮ ತಿಪ್ಪಮ್ಮನೇ

ಕಾನೋ, ನೈಜೀರಿಯಾ
ಭಾನುವಾರ ರಾತ್ರಿ

ಅವ್ವನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪ, ಅಜ್ಜಿ ಇಬ್ಬರಿಗೂ ನಮಸ್ಕಾರ ಹೇಳು.

ನಿನ್ನ ಕಾಗದ ಬುಧವಾರ ಸಿಕ್ಕಿತು. ಗೀತಕ್ಕನಿಗೆ ಏಳು ತಿಂಗಳು ತುಂಬಿತು ಅಂತ ಓದಿ ಖುಷಿಯಾಯಿತು. ಆದರೆ ಅವಳು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ಎರಡು ಕೂಸು ಕಳಕೊಂಡವಳು, ಹೆದರದೆ ಇರುತ್ತಾಳಾ? ಅದರ ಮೇಲೆ ಈ ಜಗಳ ಬೇರೆ. ಹುಟ್ಟಿದ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪೇಶಿ ಅಂತಲೇ ಕರೀಬೇಕು ಅಂತ ಅಜ್ಜಿ, ಅಂಥ ಹೆಸರು ಬೇಡವೇ ಬೇಡ ಅಂತ ಭಾವ.

ನಮ್ಮ ರೈಸ್ ಮಿಲ್ ಗೇಟಿನ ಹತ್ತಿರ ಒಬ್ಬ ಅಜ್ಜಿ ಬೆಳಿಗ್ಗೆ ಕೋಸೈ ಕರಿಯುತ್ತಾಳೆ. ಅಲಸಂದೆ ಕಾಳು ನೆನೆಸಿ ರುಬ್ಬಿ, ಈರುಳ್ಳಿ, ಮೆಣಸಿನಕಾಯಿ ಹಾಕಿ ಎಣ್ಣೆಗೆ ಬಿಡುವುದು. ನಮ್ಮ ಅಲಸಂದೆ ವಡೆಯೇ ಅನ್ನು. ಗುರುವಾರ ನನ್ನ ಮುಖ ನೋಡಿ ಏನಾಯಿತು ಅಂದಳು. ನಾಲ್ಕು ವರ್ಷದಲ್ಲಿ ಕಲಿತ ಇಲ್ಲಿಯ ಹೌಸಾ ಭಾಷೆಯಲ್ಲಿ ಎಲ್ಲ ಹೇಳಿದೆ. ಸೌಟನ್ನು ಬಾಣಲೆ ಅಂಚಿಗೆ ಒರಗಿಸಿ, "ನನ್ನ ಹೆಸರೇ ಅಜೂಜಿ" ಅಂದಳು.

ಅವ್ವ, ಇವರ ಮಾತಿನಲ್ಲಿ ಜೂಜಿ ಅಂದರೆ ತಿಪ್ಪೆ. ಅಜೂಜಿ ಅಂದರೆ ತಿಪ್ಪೆ ಮೇಲಿನವಳು! ಅವಳಿಗಿಂತ ಮುಂಚೆ ನಾಲ್ಕು ಕೂಸು ಹೋಗಿದ್ದವಂತೆ. ಇವಳು ಹುಟ್ಟಿದಾಗ ಬಟ್ಟೆಯಲ್ಲಿ ಸುತ್ತಿ ಕಸದ ಗುಡ್ಡೆ ಮೇಲೆ ಮಲಗಿಸಿ, ಬೇಡದ್ದು ಅಂತ ಬಿಟ್ಟ ಹಾಗೆ ಮಾಡಿ ಆಮೇಲೆ ಎತ್ತಿಕೊಂಡರಂತೆ. ಬಾವಾ ಅಂತ ಇನ್ನೊಂದು ಹೆಸರಿದೆ, ಅಂದರೆ ಗುಲಾಮ. ಸಾವಿಗೂ ಬೇಡ ಅನ್ನಿಸಲಿ ಅಂತ ಇಡುವ ಹೆಸರುಗಳು. ಎಲ್ಲಿಯ ಕಾನೋ, ಎಲ್ಲಿಯ ಚಳ್ಳಕೆರೆ! ಕೂಸು ಉಳಿಯಲಿ ಅಂತ ಎರಡೂ ಕಡೆ ಹೆಂಗಸರಿಗೆ ಹೊಳೆದದ್ದು ತಿಪ್ಪೆಯೇ. ಆ ಅಜೂಜಿಗೆ ಈಗ ಮರಿಮಕ್ಕಳಿದ್ದಾರೆ. ಅಕ್ಕನಿಗೆ ಇದನ್ನು ತಪ್ಪದೆ ಹೇಳು.

ಇನ್ನೊಂದು ಕೇಳು. ಇಲ್ಲಿ ಏಳನೇ ದಿನ ಟಗರು ಕೊಯ್ದು ನಾಮಕರಣ ಮಾಡುತ್ತಾರೆ. ಮೌಲ್ವಿ ಎಲ್ಲರ ಮುಂದೆ ಮುಸ್ಲಿಂ ಹೆಸರು ಹೇಳುತ್ತಾನೆ, ನಾವು ಎಲೆ ಅಡಿಕೆ ಕೊಡುವ ಹಾಗೆ ಕೋಲಾ ಕಾಯಿ ಹಂಚುತ್ತಾರೆ. ಆಮೇಲೆ ಮನೆಯಲ್ಲಿ ಕರೆಯುವ ಹೆಸರೇ ಬೇರೆ. ಅಜೂಜಿಯ ನಿಜ ಹೆಸರು ಆಯಿಶಾತು, ಹಾಗೆ ಕರೆದರೆ ಅವಳು ತಿರುಗಿ ನೋಡುವುದಿಲ್ಲ. ನಾವೂ ಹಾಗೇ ಮಾಡೋಣ. ಸರ್ಟಿಫಿಕೇಟಿನಲ್ಲಿ ಭಾವನವರಿಗೆ ಬೇಕಾದ ಹೆಸರು ಬರೆಸಲಿ, ಅಜ್ಜಿ ಬಾಯಿ ತುಂಬ ತಿಪ್ಪ ಅಂತ ಕರೆಯಲಿ. ತಿಪ್ಪೆ ಮೇಲೆ ಮಾತ್ರ ಮಲಗಿಸುವುದು ಬೇಡ, ಎಳೆ ಕೂಸಿಗೆ ನಂಜಾಗುತ್ತದೆ.

ಇವರ ಹೆಸರುಗಳೇ ಚೆಂದ ಅವ್ವ. ಶುಕ್ರವಾರ ಹುಟ್ಟಿದವನು ದಾನ್‌ಜುಮಾ, ಭಾನುವಾರ ಹುಟ್ಟಿದವಳು ಲಾದಿ. ಅವಳಿ ಗಂಡುಮಕ್ಕಳು ಹಸನ್, ಹುಸೇನಿ, ಅವಳಿಗಳ ಬೆನ್ನಿಗೆ ಹುಟ್ಟಿದ್ದು ಗಂಬೋ. ಹೆಣ್ಣುಗಳ ಮೇಲೆ ಬಂದ ಗಂಡು ತಾಂಕೋ, ಗಂಡುಗಳ ಮೇಲೆ ಬಂದ ಹೆಣ್ಣು ಕಾಂದೆ. ನಾವು ಹೆಣ್ಣು ಸಾಕು ಅಂತ ಸಾಕಮ್ಮ ಅಂತ ಇಡುತ್ತೀವಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ. ದಿನ ಮೀರಿ ಹೊಟ್ಟೆಯಲ್ಲೇ ಇದ್ದ ಕೂಸಿಗೆ ಶೇಕರಾವು ಅನ್ನುತ್ತಾರೆ. 2003ರಿಂದ 2011ರವರೆಗೆ ಈ ರಾಜ್ಯದ ಗವರ್ನರ್ ಆಗಿದ್ದವರ ಹೆಸರೂ ಅದೇ. ನಾನು ಬುಧವಾರದವನು ಅಂತ ಗೊತ್ತಾದ ಮೇಲೆ ಮಿಲ್ಲಿನಲ್ಲಿ ಎಲ್ಲರಿಗೂ ಬಲಾರಬೆ ಆಗಿದ್ದೇನೆ. ಇಲ್ಲಿ ನಾನು ಪರದೇಶಿ ಅಲ್ಲ ಅವ್ವ, ಚಿಂತೆ ಮಾಡಬೇಡ.

ಆದರೆ ಹೆಸರೊಂದೇ ಕೂಸನ್ನು ಕಾಯುವುದಿಲ್ಲ. ಅಪ್ಪನ ಖಾತೆಗೆ ನಲವತ್ತು ಸಾವಿರ ಹಾಕಿದ್ದೇನೆ. ಅಕ್ಕನನ್ನು ಈ ವಾರವೇ ದಾವಣಗೆರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ. ಬಿಪಿ, ಶುಗರ್ ನೋಡಿಸಿ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಕೂಸಿನ ಅಲುಗಾಟ ಕಮ್ಮಿ ಅನ್ನಿಸಿದರೆ ರಾತ್ರಿಯಾದರೂ ಸರಿ, ಹೊರಟುಬಿಡಿ. ಏನೂ ಆಗುವುದಿಲ್ಲ, ಈ ಸಲ ಖಂಡಿತ ಏನೂ ಆಗುವುದಿಲ್ಲ. ದುಡ್ಡು ಸಾಲದಿದ್ದರೆ ಇನ್ನೂ ಕಳಿಸುತ್ತೇನೆ. ನನ್ನ ಹತ್ತಿರ ಇದೆ, ಊಟಕ್ಕೆ ತೊಂದರೆ ಇಲ್ಲ, ಧೂಳುಗಾಳಿಗೆ ಬಂದ ಕೆಮ್ಮೂ ಹೋಗಿದೆ.

ಬೆಂಗಳೂರಿಗೆ ಹೊರಟವರು ಕೆಳಗೆ ಹಾರನ್ ಹೊಡೆಯುತ್ತಿದ್ದಾರೆ, ಕಾಗದ ಅವರ ಕೈಲೇ ಕೊಡಬೇಕು. ಸ್ಕ್ಯಾನ್ ಆದ ದಿನವೇ ಫೋನ್ ಮಾಡಿಸು.

ನಿನ್ನ ಮಗ,
ಮಂಜು