ಮಗಳಿಗೊಂದು ಪತ್ರ: ಮೊದಲು ಎಣ್ಣೆ ಯಾವುದು ಅಂತ ನೋಡು

ಪ್ರೀತಿಯ ಪುಟ್ಟೀ,

ಸೈಕಲ್ಲಿನ ಎಣ್ಣೆ ತುಂಬಿದ ಡಿಸ್ಕ್ ಬ್ರೇಕನ್ನು ಸರಿ ಮಾಡಲು ಯಾವ ಎಣ್ಣೆ, ಯಾವ ಸಾಮಾನು ಬೇಕು ಅಂತ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಿಧಾನವಾಗಿ ಬರೆದೇ ಉತ್ತರ ಕೊಡೋಣ ಅನ್ನಿಸಿತು. ನಮ್ಮ ಶೆಡ್ಡಿನಲ್ಲಿರುವ ಜೀಪಿನ ಬ್ರೇಕ್ ಆಯಿಲ್ ನಿನ್ನ ಸೈಕಲ್ಲಿಗೆ ಬೇಡ. ಒಂದು ಹನಿಯೂ ಬೇಡ.

ಜೀಪಿಗೆ ಹಾಕುವುದು ಡಾಟ್ ಫ್ಲೂಯಿಡ್ ಅನ್ನುವ ಜಾತಿಯ ಬ್ರೇಕ್ ಎಣ್ಣೆ. ನಿನ್ನದು ಶಿಮಾನೊ ಕಂಪನಿಯ ಬ್ರೇಕ್, ಅದಕ್ಕೆ ಮಿನರಲ್ ಆಯಿಲ್ಲೇ ಆಗಬೇಕು. ಬ್ರೇಕಿನ ಒಳಗಿರುವ ರಬ್ಬರ್ ಸೀಲುಗಳನ್ನು ಇಂಥ ಎಣ್ಣೆಗೆ ಅಂತಲೇ ಮಾಡಿರುತ್ತಾರೆ. ತಪ್ಪು ಎಣ್ಣೆ ಹೋದರೆ ಸೀಲ್ ಉಬ್ಬಿ ಹಾಳಾಗುತ್ತದೆ. ಆಮೇಲೆ ಕೈಯಲ್ಲಿ ಒತ್ತುವ ಲಿವರೂ ಹೋಯಿತು, ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರೂ ಹೋಯಿತು. ನಿನ್ನ ಗೆಳತಿಯದು ಸ್ರಾಮ್ ಬ್ರೇಕ್ ಅಂದೆಯಲ್ಲ, ಅವುಗಳಲ್ಲಿ ಹೆಚ್ಚಿನವಕ್ಕೆ ಡಾಟ್ 5.1 ಹಾಕುತ್ತಾರೆ. ಆದರೆ ಅದೇ ಕಂಪನಿಯ ಡಿಬಿ8, ಮೇವನ್ ಮಾದರಿಗಳಿಗೆ ಮಿನರಲ್ ಆಯಿಲ್. ಆದ್ದರಿಂದ ಹೆಸರು ನೋಡಿ ಊಹಿಸುವುದು ಬೇಡ. ಮಾದರಿ ನೋಡಿ, ಕಂಪನಿಯವರ ಕೈಪಿಡಿ ಓದಿಕೊಳ್ಳಲಿ. ಇನ್ನೊಂದು, ಡಾಟ್ 5 ಅಂತ ಬೇರೆಯೇ ಇದೆ. ಅದು ಸಿಲಿಕೋನ್ ಎಣ್ಣೆ, 5.1ರ ಬದಲಿಗೆ ನಡೆಯುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಊರಿನ ರಸ್ತೆಯೂ ಕಾರಣ. ತಲಕಾವೇರಿಯಿಂದ ಭಾಗಮಂಡಲಕ್ಕೆ ಸುಮಾರು 8 ಕಿಲೋಮೀಟರ್ ಇಳಿಜಾರು. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಡಿಸ್ಕ್ ಸುಡುವಷ್ಟು ಬಿಸಿಯಾಗುತ್ತದೆ. ಡಾಟ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ 5.1 ಕನಿಷ್ಠ 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 180ಕ್ಕೆ ಇಳಿಯುತ್ತದೆ. ಎಣ್ಣೆ ಕುದ್ದರೆ ಒಳಗೆ ಆವಿ ತುಂಬುತ್ತದೆ, ಲಿವರ್ ಹಿಡಿದರೂ ಸೈಕಲ್ ನಿಲ್ಲುವುದಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಇಲ್ಲಿ ತೆರೆದಿಟ್ಟ ಡಾಟ್ ಬಾಟಲಿಯನ್ನು ನಂಬಬಾರದು. ಗೆಳತಿಗೆ ಚಿಕ್ಕ ಬಾಟಲಿಯನ್ನೇ ಕೊಳ್ಳಲು ಹೇಳು. ಡಾಟ್ ಎಣ್ಣೆ ಸೈಕಲ್ಲಿನ ಪೇಂಟನ್ನೂ ಕಿತ್ತು ಹಾಕುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಸಾಮಾನು ಕೊಳ್ಳುವ ಮೊದಲು ತೊಂದರೆ ಏನು ಅಂತ ನೋಡಿಕೋ. ಲಿವರ್ ಮೆತ್ತಗಾಗಿದೆ, ನಾಲ್ಕೈದು ಸಲ ಒತ್ತಿದರೆ ಗಟ್ಟಿಯಾಗುತ್ತದೆ ಅಂದರೆ ಒಳಗೆ ಗಾಳಿ ಸೇರಿದೆ. ಆಗ ಬ್ಲೀಡ್ ಮಾಡಬೇಕು, ಅಂದರೆ ಹೊಸ ಎಣ್ಣೆ ತುಂಬಿ ಆ ಗಾಳಿಯನ್ನು ಹೊರಗೆ ಹಾಕಬೇಕು. ಕರಕರ ಅಂತ ಲೋಹ ಉಜ್ಜುವ ಸದ್ದು ಬಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮುಗಿದಿದೆ. ಟಾರ್ಚ್ ಬಿಟ್ಟು ನೋಡು, ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿಬಿಡು. ಲಿವರ್ ಗಟ್ಟಿಯಾಗಿದ್ದೂ ಬ್ರೇಕ್ ಹಿಡಿಯದೆ ಕಿರುಚುತ್ತಿದ್ದರೆ, ಡಿಸ್ಕಿಗೋ ಪ್ಯಾಡಿಗೋ ಎಣ್ಣೆ ತಗುಲಿರಬಹುದು. ಈ ಕೊನೆಯ ಎರಡು ತೊಂದರೆಗೆ ಬ್ಲೀಡ್ ಮಾಡಿದರೆ ದುಡ್ಡೂ ದಂಡ, ಎಣ್ಣೆಯೂ ದಂಡ.

ನೀನು ತೋರಿಸಿದ ಆ ಬ್ಲೀಡ್ ಸಾಮಾನಿನ ದೊಡ್ಡ ಪೆಟ್ಟಿಗೆ ಸುಮ್ನೆ ಯಾಕೆ? ಎಲ್ಲ ಕಂಪನಿಯ ಅಡಾಪ್ಟರುಗಳೂ ಇವೆ, ನಿನಗೆ ಬೇಕಾದದ್ದು ಒಂದೋ ಎರಡೋ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಒಂದೇ ಸಿರಿಂಜಿನಲ್ಲಿ ಇವತ್ತು ನಿನ್ನ ಎಣ್ಣೆ, ನಾಳೆ ಗೆಳತಿಯ ಎಣ್ಣೆ ಹಾಕುವ ಮನಸ್ಸು ಬಂದೇ ಬರುತ್ತದೆ. ತೊಳೆದರೂ ಬೇಡ. ಅವಳ ಸಾಮಾನು ಅವಳಿಗೆ, ನಿನ್ನದು ನಿನಗೆ.

ನಿನಗೆ ಬೇಕಾದದ್ದು ಶಿಮಾನೊಗೆ ಅಂತಲೇ ಬರುವ ಚಿಕ್ಕ ಕಿಟ್: ಲಿವರಿಗೆ ತಿರುಗಿಸಿ ಕೂರಿಸುವ ಆಲಿಕೆ, ಅದರ ಮುಚ್ಚುಗೋಲು, ಪೈಪಿನ ಜೊತೆ ಸಿರಿಂಜ್, ಹಳದಿ ಬ್ಲೀಡ್ ಬ್ಲಾಕ್. ಆಲಿಕೆಯ ಥ್ರೆಡ್ ಸರಿಯಿಲ್ಲದಿದ್ದರೆ ಅಲ್ಲಿಂದಲೇ ಎಣ್ಣೆ ಸೋರುತ್ತದೆ, ಹಾಗಾಗಿ ಅದರಲ್ಲಿ ಕಡಿಮೆ ಬೆಲೆ ಹುಡುಕಬೇಡ. ಮೆಡಿಕಲ್ ಶಾಪಿನ ಸಿರಿಂಜ್ ಸಾಕಲ್ಲವಾ ಅಂತ ಕೇಳುತ್ತೀಯ. ಒಂದು ಸಲಕ್ಕೆ ನಡೆಯಬಹುದು. ಅದರ ರಬ್ಬರ್ ಮಿನರಲ್ ಆಯಿಲ್ಲಿಗೆ ಉಬ್ಬಿ ಬಿಗಿಯಾಗುತ್ತದೆ. ಆಗ ಎಳೆಯುವಾಗ ಕೈ ಜರ್ಕ್ ಹೊಡೆದು ಗಾಳಿ ಒಳಗೆ ಹೋಗುತ್ತದೆ.

ಬ್ಲೀಡ್ ಬ್ಲಾಕ್ ಚಿಕ್ಕ ಪ್ಲಾಸ್ಟಿಕ್ ತುಂಡು ಅಂತ ಬಿಡಬೇಡ. ಚಕ್ರ, ಪ್ಯಾಡ್ ಎರಡನ್ನೂ ತೆಗೆದ ಮೇಲೆ, ಪ್ಯಾಡನ್ನು ತಳ್ಳುವ ಪಿಸ್ಟನ್‌ಗಳು ಹೊರಗೆ ಬರದ ಹಾಗೆ ಹಿಡಿಯುವುದು ಅದೇ. ತೆಗೆದ ಪ್ಯಾಡನ್ನು ಕವರಿನಲ್ಲಿ ಹಾಕಿ ದೂರ ಇಡು. ಎಣ್ಣೆ ಕುಡಿದ ಪ್ಯಾಡನ್ನು ಸರಿ ಮಾಡುತ್ತೇವೆ ಅಂತ ಏನೇನೋ ಹೇಳುತ್ತಾರೆ, ನಾನಾದರೆ ಎಸೆದುಬಿಡುತ್ತೇನೆ.

ಕ್ಯಾಲಿಪರಿನಲ್ಲಿ ಪೈಪ್ ಸಿಕ್ಕಿಸುವ ಬ್ಲೀಡ್ ನಿಪ್ಪಲ್ ಬಹಳ ಮಾದರಿಗಳಲ್ಲಿ 7 ಮಿಲಿಮೀಟರ್. ಅದಕ್ಕೆ ರಿಂಗ್ ಸ್ಪ್ಯಾನರೇ ಹಾಕು, ಮೂಲೆ ಸವೆಯುವುದಿಲ್ಲ. ಕೆಲವು ಹೊಸ ಮಾದರಿಗೆ ಆರು ಮೂಲೆಯ ಅಲೆನ್ ಕೀ ಬೇಕಾಗುತ್ತದೆ, ನಿನ್ನದನ್ನು ನೋಡಿಕೊಂಡು ಕೊಳ್ಳು. ಕ್ಯಾಲಿಪರ್ ಬೋಲ್ಟಿಗೆ ಹೆಚ್ಚಾಗಿ 5ರ ಅಲೆನ್ ಕೀ, ಆರು ಬೋಲ್ಟಿನ ಡಿಸ್ಕಿಗೆ ನಕ್ಷತ್ರದ ಆಕಾರದ ಟಾರ್ಕ್ಸ್ 25 ಕೀ.

ದುಡ್ಡು ಹಾಕಲೇಬೇಕಾದ ಒಂದು ಸಾಮಾನು ಟಾರ್ಕ್ ರೆಂಚ್, ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್. ಕ್ಯಾಲಿಪರ್ ಬೋಲ್ಟುಗಳಿಗೆ ಶಿಮಾನೊ ಹೇಳುವುದು 6ರಿಂದ 8 ನ್ಯೂಟನ್ ಮೀಟರ್. ಜೀಪಿನ ಗಾಲಿ ನಟ್ಟು ಬಿಗಿ ಮಾಡಿದ ಕೈಗೆ ಅಷ್ಟು ಕಡಿಮೆ ಬಿಗಿ ಗೊತ್ತಾಗುವುದಿಲ್ಲ. ಜೀಪಿನ ಟಾರ್ಕ್ ರೆಂಚೂ ಇದಕ್ಕೆ ದೊಡ್ಡದಾಯಿತು. ಚಿಕ್ಕದನ್ನು ನಾನು ಕೊಡಿಸುತ್ತೇನೆ, ಬೇಡ ಅನ್ನಬೇಡ.

ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಹೊಸ ಬಟ್ಟೆ. ಚೈನಿಗೆ ಹೊಡೆಯುವ ಸ್ಪ್ರೇ ಡಿಸ್ಕಿನ ಹತ್ತಿರವೂ ಬರಬಾರದು. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ. ಶಿಮಾನೊ ಡಿಸ್ಕ್ ಹೊಸದಾಗಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಬಂದರೆ ಬದಲಿಸಬೇಕು. ಅಳೆಯಲು ನನ್ನ ವರ್ನಿಯರ್ ತೆಗೆದುಕೊಂಡು ಹೋಗು. ನಮ್ಮ ಕೆಂಪು ಕೆಸರಿಗೆ ರಾಳದಿಂದ ಮಾಡಿದ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಒಳ್ಳೆಯದು, ಆದರೆ ನಿನ್ನ ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಇದ್ದರೆ ಹಾಕಬಾರದು.

ಪೈಪ್ ಕತ್ತರಿಸುವ ಕಟರ್, ಪಿಸ್ಟನ್ ಒತ್ತುವ ಸಾಧನ ಈಗ ಬೇಡ. ಪಿಸ್ಟನ್ ಹಿಂದೆ ತಳ್ಳಲು ಪ್ಲಾಸ್ಟಿಕ್ ಟೈರ್ ಲಿವರ್ ಸಾಕು.

ಕಿಟ್ ಬಂದ ಮೇಲೆ ಫೋನ್ ಮಾಡು. ನೀನು ಕೆಲಸ ಮಾಡು, ನಾನು ವಿಡಿಯೊ ಕಾಲಿನಲ್ಲಿ ನೋಡುತ್ತಿರುತ್ತೇನೆ. ಒಂದು ದಿನಕ್ಕೆ ಒಂದೇ ಬ್ರೇಕ್. ಮುಗಿದ ಮೇಲೆ ಅಂಗಳದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಿ, ಲಿವರ್ ಗಟ್ಟಿಯಾಗಿದ್ದರೆ ಮಾತ್ರ ರಸ್ತೆಗೆ ಇಳಿ. ಅಲ್ಲಿಯವರೆಗೆ ಬಸ್ಸಿನಲ್ಲೇ ಓಡಾಡು.

ಇಂತಿ,
ನಿನ್ನ ಅಪ್ಪ