ಡ್ರಮ್ಸ್ ಬಾಜೂಕ ಇಟ್ಟು ಕೇಳು

ಟಿಳಕವಾಡಿ, ಬೆಳಗಾವಿ

ಚಿ. ಅಳಿಯನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದ. ನಾವೆಲ್ಲಾ ಇಲ್ಲಿ ಆರಾಮ ಅದೀವಿ. ನಿಮ್ಮವ್ವನ ಮೊಣಕಾಲ ನೋವು ಕಡಿಮಿ ಆತು ಅಂತ ಕೇಳಿ ಸಮಾಧಾನ ಆತು.

ತಮ್ಮಾ, ನೀ ಕಳಿಸಿದ ಫೋಟೋ ಎಲ್ಲಾ ನೋಡಿದೆ. ವಿಜಯಪುರದಾಗ ಐದಾರು ಹುಡುಗರು ಮಾಳಿಗಿ ಮ್ಯಾಲ ಬಾಸ್ ಗಿಟಾರ್ (ದಪ್ಪ ತಂತಿಯ, ತಳದ ಸ್ವರದ ಗಿಟಾರ್) ಹಿಡಕೊಂಡು ಕುಂತಿದ್ದು ನೋಡಿ ಖರೇನ ಖುಷಿ ಆತು. ನಮ್ಮ ಕಾಲಕ್ಕ ಇಲ್ಲಿ ಆರ್ಕೆಸ್ಟ್ರಾದಾಗ ಬಾಸ್ ಅಂದ್ರ ಗಿಟಾರ್ ಸರೀಗಿ ಬಾರಿಸಾಕ ಬರದವನ ಕೈಯಾಗ ಕೊಡೂ ವಾದ್ಯ. ನನಗೂ ಅದು ಹಂಗ ಬಂತು. ನಿಮ್ಮಲ್ಲಿ ಈಗ ನೀ ಪ್ರಿಸಿಷನ್ ತಂದೀದಿ, ಒಬ್ಬ ಜಾಝ್ ಬಾಸ್ ತಂದಾನ (ಎರಡೂ ಫೆಂಡರ್ ಕಂಪನಿಯ ಬಾಸ್), ನೆಲದ ಮ್ಯಾಲ ಸದ್ದು ಬದಲಸೂ ಪೆಡಲ್‌ಗಳ ಸಾಲು ಐತಿ. ಪ್ರತಿ ರವಿವಾರ ಒಬ್ಬರ ವಾದ್ಯ ಇನ್ನೊಬ್ಬರು ಬಾರಿಸಿ ನೋಡ್ತೀರಿ. ಇದು ಭಾಳ ಛಲೋ ರೂಢಿ, ಬಿಡಬ್ಯಾಡ್ರಿ. ಅಂಗಡ್ಯಾಗ ನಿಂತು ನೋಡಿದ್ರ ತಿಳಿಯಂಗಿಲ್ಲ, ಗೆಳ್ಯಾನ ವಾದ್ಯ ನಾಕು ದಿನ ಮನ್ಯಾಗ ಇದ್ರ ಅದರ ಗುಣ, ಅವಗುಣ ಎರಡೂ ಗೊತ್ತಾಗ್ತಾವ.

ಆದ್ರ ಕಡೀಕ ಐದು ತಂತಿಯ ಆಕ್ಟಿವ್ (ಒಳಗ ಬ್ಯಾಟರಿ ಹಾಕೂ) ಬಾಸ್ ಮತ್ತ ಸದ್ದು ಹರಕ ಮಾಡೂ ಒಂದು ಡಿಸ್ಟಾರ್ಷನ್ ಪೆಡಲ್ ತಗೊಳಾಕ ರೊಕ್ಕ ಕೇಳೀದಿ. ಪ್ರಿಸಿಷನ್ "ಹಳೇ ಕಾಲದ್ದು, ಸಪ್ಪಗ ಕೇಳಸ್ತೈತಿ" ಅಂತನೂ ಬರದೀದಿ. ಅದಕ್ಕ ಫೋನ್ ಮಾಡದ ಕಾಗದಾ ಬರ್ಯಾಕ ಕುಂತೀನಿ.

ಮದಲ ಒಂದು ಮಾತು ಹೇಳು. ಆ ಫೋಟೋದಾಗ ಡ್ರಮ್ಸ್ ಎಲ್ಲೈತಿ? ಹಾಡವ ಯಾಂವ? ಎಲ್ಲಾರೂ ಪಾಳಿ ಹಚ್ಚಿ ಒಬ್ಬೊಬ್ಬರ ಬಾರಿಸ್ತೀರಿ, ಉಳದವರು ಕೇಳಿ "ಯಾರದು ಭರ್ಜರಿ" ಅಂತ ತೀರ್ಪು ಕೊಡ್ತೀರಿ. ಒಬ್ಬನ ಬಾರಿಸುವಾಗ ನಾಬ್ ತಿರುವಿ ತಳದ ಸದ್ದು (ಬಾಸ್) ಏರಿಸಿ, ಮ್ಯಾಲಿನ ಸದ್ದು (ಟ್ರೆಬಲ್) ಏರಿಸಿ, ನಡುವಿನ ಸದ್ದು (ಮಿಡ್) ಇಳಿಸಿದ್ರ ಎಂಥಾ ವಾದ್ಯನೂ ಭರ್ಜರಿನ. ಅದ ಸೆಟ್ಟಿಂಗ್ ಹಚಗೊಂಡು ಬ್ಯಾಂಡಿನಾಗ ನಿಂದ್ರು, ನೀ ಎಲ್ಲೂ ಇರಂಗಿಲ್ಲ. ತಳದ ಸದ್ದು ಕಾಲಲೇ ಬಾರಿಸೂ ಕಿಕ್ ಡ್ರಮ್ ನುಂಗ್ತೈತಿ, ಮ್ಯಾಲಿಂದು ಸಿಂಬಲ್ ಮತ್ತ ಗಿಟಾರ್ ನುಂಗ್ತಾವ. ನೀ ಯಾವ ಸ್ವರ ಬಾರಿಸಾಕತ್ತಿ ಅಂತ ಕೇಳವಗ ಗೊತ್ತಾಗೂದು 200ರಿಂದ 800 ಹರ್ಟ್ಜ್ ಆಜೂಬಾಜೂಕ, ಅಂದ್ರ ಆ ಮಿಡ್‌ದಾಗ. ಅದನ್ನ ನೀನ ಕೈಯಾರೆ ತಗದಿರ್ತಿ. ಒಬ್ಬನ ಬಾರಿಸಿದಾಗ ಮೂಗಿನಾಗ ಮಾತಾಡಿದಂಗ ಕೆಟ್ಟ ಕೇಳಸೂ ಸದ್ದು ಎಷ್ಟೋ ಸಲ ಸ್ಟೇಜಿನ ಮ್ಯಾಲ ಸರೀ ಕುಂತಿರ್ತೈತಿ.

ಈಗ ನಿನ್ನ "ಸಪ್ಪನ" ಪ್ರಿಸಿಷನ್ ಸುದ್ದಿ. ಅದು ಲಿಯೋ ಫೆಂಡರ್ 1951ರಾಗ ಹೊರಗ ತಂದ ವಾದ್ಯ, ಹಳೇದು ಹೌದು. ಅಮೇರಿಕಾದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡಿಗೆ ಬಾಸ್ ಬಾರಿಸಿದ ಜೇಮ್ಸ್ ಜೇಮರ್ಸನ್ ಕೈಯಾಗ ಇದ್ದದ್ದು ಇದ. ನಿಮ್ಮ ಐರನ್ ಮೇಡನ್ ಬ್ಯಾಂಡಿನ ಸ್ಟೀವ್ ಹ್ಯಾರಿಸ್ ಕೈಯಾಗ ಇರೂದೂ ಇದ. ಇಬ್ಬರೂ ಹಾಕಿದ್ದು ಫ್ಲಾಟ್‌ವೂಂಡ್ ತಂತಿ, ಮ್ಯಾಲ ಚಪ್ಪಟ ಪಟ್ಟಿ ಸುತ್ತಿದ್ದು. ಇಬ್ಬರದೂ ಕೇಳು, ಒಂದ ಜಾತಿ ವಾದ್ಯ ಅಂದ್ರ ಯಾರೂ ನಂಬಂಗಿಲ್ಲ. ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದನ ಬಾರಿಸ್ತಿದ್ದ. ತಂತಿ ಹರಿಯೂತನಕಾ ಬದಲಸ್ತಿರಲಿಲ್ಲ, ತಂತಿ ಕಟ್ಟೂ ಬ್ರಿಜ್ ಕವರಿನ ಕೆಳಗ ಫೋಮಿನ ತುಂಡು ಇರ್ತಿತ್ತು, ಸ್ವರ ಥಟ್ಟನ ಹುಟ್ಟಿ ಥಟ್ಟನ ಆರ್ತಿತ್ತು. ಯಾಕಂದ್ರ ಆ ಹಾಡಿನಾಗ ಪಿಯಾನೋ, ತಂಬೂರಿನ್, ಎರಡು ಮೂರು ಗಿಟಾರ್, ಪಿಟೀಲು, ಹಾಡವರು, ಎಲ್ಲಾ ಅದಾರ. ಬಾಸ್ ಎಳದಾಡಿದ್ರ ಎಲ್ಲಾ ಕಲಸಿ ಹೋಗ್ತೈತಿ. ಹ್ಯಾರಿಸ್‌ಗ ಗಿಟಾರಿನವರ ಗದ್ದಲದಾಗ ತನ್ನ ಕುದರಿ ಓಟದಂಥಾ ತಾಳ ಕೇಳಸಬೇಕು. ಅಂವ ಬೆರಳಲೇ ಎಷ್ಟು ಜೋರ ಹೊಡೀತಾನಂದ್ರ ತಂತಿ ಫ್ರೆಟ್‌ಗ (ನೆಕ್ ಮ್ಯಾಲಿನ ಲೋಹದ ಪಟ್ಟಿಗೆ) ಬಡದು ಟಕ್ ಅಂತೈತಿ, ಆ ಟಕ್ ಸದ್ದಿನಿಂದನ ಸ್ವರ ಗುರುತ ಹಿಡೀಬೇಕು. 2007ರ ಮಾರ್ಚಿನಾಗ ಅವರು ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಿಗೆ ಬಂದಾಗ ನಾನೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಆಫೀಸಿನಾಗ ಮದವಿ ಐತಿ ಅಂತ ಹೇಳಿದ್ದೆ. ಭಾಳ ಹಿಂದ ನಿಂತಿದ್ದೆ, ಅಷ್ಟು ದೂರಕ್ಕೂ ಆ ಟಕಟಕ ಬರ್ತಿತ್ತು.

ಉಲ್ಟಾ ಉದಾಹರಣಿನೂ ಐತಿ. ಮೆಟಾಲಿಕಾ ಬ್ಯಾಂಡ್ 1988ರಾಗ ತಗದ "ಆ್ಯಂಡ್ ಜಸ್ಟಿಸ್ ಫಾರ್ ಆಲ್" ಆಲ್ಬಮ್ ಹಚ್ಚಿ ಬಾಸ್ ಹುಡುಕು. ಅದರಾಗ ಬಾಸ್ ಬಾರಿಸಿದ ಜೇಸನ್ ನ್ಯೂಸ್ಟೆಡ್ ಸಣ್ಣ ಕಲಾವಿದ ಅಲ್ಲ, ಅವನ ಹತ್ರ ಸಾಮಾನೂ ಕಡಿಮಿ ಇರಲಿಲ್ಲ. ಆದ್ರ ಗಿಟಾರ್ ಬಾರಿಸಿದ್ದನ್ನ ಬಾಸ್ ಹಂಗ ಹಿಂಬಾಲಿಸ್ತೈತಿ, ಮಿಕ್ಸಿಂಗ್‌ದಾಗ ಅದನ್ನ ಇಳಿಸಿಬಿಟ್ಟಾರ, ಮನಿಷಾ ಕಾಣಂಗ ಇಲ್ಲ. ಆ ಆಲ್ಬಮ್ಮಿಗೆ ಯಾವ ಪೆಡಲ್ ಕೊಟ್ಟಿದ್ರ ಉಪಯೋಗ ಆಗ್ತಿತ್ತು ಹೇಳು? ಅದ ಮೋಟರ್‌ಹೆಡ್ ಬ್ಯಾಂಡಿನಾಗ ಲೆಮ್ಮಿ ರಿಕನ್‌ಬ್ಯಾಕರ್ ಕಂಪನಿಯ ಬಾಸ್ ತಗೊಂಡು ಮಾರ್ಶಲ್ ಆಂಪಿನಾಗ (ಆಂಪ್ಲಿಫೈಯರಿನಾಗ) ಹರದು ಚಿಂದಿ ಆಗೂ ಸದ್ದು ತಗದಾನ. ಅಲ್ಲಿ ಭಾಳ ವರ್ಷ ಗಿಟಾರ್ ಒಂದ, ಎರಡನೇ ಗಿಟಾರಿನ ಜಾಗಾ ಖಾಲಿ ಇತ್ತು, ಅಂವ ತುಂಬಿದ. ನೀನು ಅಂಥಾ ಡಿಸ್ಟಾರ್ಷನ್ ಬೇಕು ಅಂತಿ, ನಿಮ್ಮ ಬ್ಯಾಂಡಿನಾಗ ಗಿಟಾರಿನವರು ಇಬ್ಬರು, ಮ್ಯಾಲ ಕೀಬೋರ್ಡ್ ಬ್ಯಾರೆ. ಕೀಬೋರ್ಡಿನವನ ಎಡಗೈ ಮ್ಯಾಲ ಮದಲ ಕಣ್ಣಿಡು. ಗಣಪತಿ ಪೆಂಡಾಲಿನಾಗ ಬಾರಿಸುವಾಗ ನನಗ ಖರೇ ಕಾಟ ಕೊಟ್ಟದ್ದು ಅದ ಎಡಗೈ. ತಳದ ಸ್ವರ ಅಂವನೂ ಒತ್ತಾಂವ, ನಾನೂ ಒತ್ತಾಂವ, ಕೇಳವರಿಗೆ ಬರೇ ಗುಂಯ್. "ಎಡಗೈ ಕಿಸೇದಾಗ ಇಟಗೋಪಾ" ಅಂತ ಕೇಳಿಕೊಂಡ ಮ್ಯಾಲ ಒಂದು ರೂಪಾಯಿ ಖರ್ಚಿಲ್ಲದ ನನ್ನ ಬಾಸ್ ಸುಧಾರಿಸ್ತು.

ಪೆಡಲ್ ಬ್ಯಾಡ ಅನ್ನಂಗಿಲ್ಲ. ಡಿಸ್ಟಾರ್ಷನ್ ಹಚ್ಚಿದ್ರ ಭಾಳ ಸಲ ತಳ ಹಾರಿಹೋಗ್ತೈತಿ, ಅದಕ್ಕ ಸ್ವಚ್ಛ ಸದ್ದು ಬೆರಸಾಕ ಬ್ಲೆಂಡ್ ನಾಬ್ ಇದ್ದದ್ದನ್ನ ಮಾತ್ರ ನೋಡು. ನನಗ ಕೇಳಿದ್ರ ಶ್ರುತಿ ನೋಡೂ ಟ್ಯೂನರ್ ಒಂದು, ಸದ್ದಿನ ಏರಿಳಿತ ಸಮ ಮಾಡೂ ಕಂಪ್ರೆಸರ್ ಒಂದು, ಸಾಕು. ಸದ್ದಿಗೆ ಪ್ರತಿಧ್ವನಿ ಕೊಡೂ ಡಿಲೇ, ರಿವರ್ಬ್ ಅಂತೂ ವಿಜಯಪುರದವರು ತಗೋಬಾರದು, ಗೋಲಗುಂಬಜ್ ಇಟ್ಟುಕೊಂಡು ಅದಕ್ಕ ರೊಕ್ಕಾ ಯಾರರ ಕೊಡ್ತಾರೇನು!

ಐದನೇ ತಂತಿ ಬಗ್ಗೆ: ನಿನ್ನ ಇ ತಂತಿ 41 ಹರ್ಟ್ಜ್, ಅದರ ಕೆಳಗಿನ ಬಿ ತಂತಿ 31. ಮನ್ಯಾಗಿನ ನಿನ್ನ ಸಣ್ಣ ಆಂಪಿಗೆ ಇ ತಂತಿನ ಪೂರಾ ತಗ್ಯಾಕ ಆಗಂಗಿಲ್ಲ, ನಿನ್ನ ಕಿವಿಗೆ ಬೀಳೂದು ಬಹುತೇಕ ಅದರ ಮ್ಯಾಲಿನ ಉಪಸ್ವರ. ಹಾಡವನ ಪಟ್ಟಿ ಡಿ ಇದ್ರ ಇ ತಂತಿ ಒಂದು ಸ್ವರ ಇಳಿಸಿಕೋ, ಕೆಲಸ ಆತು. ಸದ್ಯಕ್ಕ ಐದನೇ ತಂತಿಗೆ ನನ್ನ ಕಡೆ ರೊಕ್ಕ ಇಲ್ಲ.

ವಾದ್ಯ ಕೊಡೂದು ತಗೊಳೂದ್ರಾಗ ಒಂದಿಷ್ಟು ಲಕ್ಷ್ಯ ಇರಲಿ. ಆಕ್ಟಿವ್ ಬಾಸಿಗೆ ವೈರ್ ಚುಚ್ಚಿ ಹಂಗ ಬಿಟ್ರ ಬಾರಿಸಲಿ ಬಿಡಲಿ ಒಳಗಿನ ಬ್ಯಾಟರಿ ಇಳೀತೈತಿ, ಕೆಲಸ ಮುಗದ ಕೂಡಲೆ ಕಿತ್ತಿಡ್ರಿ. ಇನ್ನೊಬ್ಬರ ಪೆಡಲಿಗೆ ಅಡಾಪ್ಟರ್ ಚುಚ್ಚೂ ಮದಲ ವೋಲ್ಟ್ ಎಷ್ಟು, ನಡುವಿನ ಪಿನ್ ಮೈನಸ್ಸೋ ಪ್ಲಸ್ಸೋ ನೋಡ್ರಿ, ಉಲ್ಟಾ ಆದ್ರ ಪೆಡಲ್ ಸುಟ್ಟೀತು, ಗೆಳೆತನಾನೂ. ವಾದ್ಯ ಬಿಸಲಾಗ ಮಾಳಿಗಿ ಮ್ಯಾಲ ಇಡಬ್ಯಾಡ್ರಿ. ನಿಮ್ಮ ಕಡೆ ಏಪ್ರಿಲ್ ಮೇದಾಗ ಕಟಿಗಿ ಒಣಗಿ ಫಿಂಗರ್‌ಬೋರ್ಡ್ ಕುಗ್ತೈತಿ, ಫ್ರೆಟ್ಟಿನ ತುದಿ ಹೊರಗ ಬಂದು ಕೈಗೆ ಚುಚ್ತಾವ. ಅದ ವಾದ್ಯ ಬೆಳಗಾವಿ ಮಳ್ಯಾಗ ತಂದ್ರ ನೆಕ್ ಬ್ಯಾರೆ ಕಡೆ ಬಾಗ್ತೈತಿ. ನೆಕ್ ಒಳಗಿನ, ಬಾಗು ಸರಿ ಮಾಡೂ ಟ್ರಸ್ ರಾಡ್ ತಿರುವೂದಿದ್ರ ಕಾಲು ಸುತ್ತು ತಿರುವಿ ಒಂದು ದಿನ ಬಿಡು. ಗೆಳ್ಯಾನ ವಾದ್ಯದ ರಾಡ್ ಅಂವನ್ನ ಕೇಳದ ಮುಟ್ಟಬ್ಯಾಡ.

ಯಾವ ಬ್ಯಾಂಡ್ ದೊಡ್ಡದು ಅಂತ ನೀವು ಜಗಳಾಡೂದಕ್ಕ ನನ್ನ ತಕರಾರಿಲ್ಲ. ಆಡ್ರಿ, ಅದರಾಗ ಮಜಾ ಐತಿ.

ಈಗ ರೊಕ್ಕದ ಮಾತು. ಡ್ರಮ್ಸ್ ಬಾರಿಸೂ ಹುಡುಗನ್ನ ಕರೀರಿ, ಒಂದ ಹಾಡು ತಗೋರಿ, ಪೂರಾ ಬ್ಯಾಂಡ್ ಕೂಡಿ ಬಾರಿಸ್ರಿ. ನಿನ್ನ ಪ್ರಿಸಿಷನ್, ಗೆಳ್ಯಾನ ಜಾಝ್ ಬಾಸ್, ಯಾರದರ ಹತ್ರ ಐದು ತಂತೀದು ಸಿಕ್ರ ಅದೂ, ಎಲ್ಲಾದ್ರಿಂದ ನೀನ ಬಾರಿಸು. ಫೋನು ಖೋಲಿಯ ಹಿಂದಿನ ಗ್ವಾಡಿ ಹತ್ರ ಇಟ್ಟು ರೆಕಾರ್ಡ್ ಮಾಡು, ನಿನ್ನ ಆಂಪಿನ ಮುಂದ ಅಲ್ಲ. ಒಂದು, ಎರಡು, ಮೂರು ಅಂತ ಅಂಕಿ ಹಾಕಿ ನನಗ ಕಳಿಸು, ಯಾವುದು ಯಾವ ವಾದ್ಯ ಅಂತ ಬರೀಬ್ಯಾಡ. ನಾ ಕೇಳಿ ಐದು ತಂತೀದ ಛಲೋ ಅಂತ ಆರಿಸಿದ್ರ ಮ್ಯಾಲ ಹೇಳಿದ ಮಾತು ಹಿಂದಕ್ಕ ತಗೊಂಡು ಅರ್ಧ ರೊಕ್ಕ ಕೊಡ್ತೀನಿ. ಪಂಚಮಿಗೆ ಬರೂದ್ರೊಳಗ ಕಳಿಸಿದ್ರ ಛಲೋ.

ನಿನ್ನ ಮಾಮಾ