ಎಲೈಜಾಳ ಹಕಾರ ಕೇಳಬೇಕಾದರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಎಲ್‌ಪಿ ರೆಕಾರ್ಡುಗಳ ಬಗ್ಗೆ ಬಂದ ಲೇಖನ 'ಮೈ ಫೇರ್ ಲೇಡಿ' ಎಂಬ ಇಂಗ್ಲಿಷ್ ಹಾಡುನಾಟಕದಲ್ಲಿನ ಜೂಲಿ ಆಂಡ್ರ್ಯೂಸ್ ಗಾಯನವನ್ನು ಮನಸಾರೆ ಹೊಗಳಿದೆ. ಹೊಗಳಿಕೆಗೆ ತಕರಾರಿಲ್ಲ. ಆದರೆ ಪಕ್ಕದಲ್ಲಿ ಅಚ್ಚು ಹಾಕಿದ ಹೊದಿಕೆಯ ಚಿತ್ರ ಅದೇ ಕಥೆಯ 1964ರ ಸಿನಿಮಾದ್ದು. ಆ ರೆಕಾರ್ಡಿನಲ್ಲಿ ಜೂಲಿ ಆಂಡ್ರ್ಯೂಸ್ ಇಲ್ಲವೇ ಇಲ್ಲ. ತೆರೆಯ ಮೇಲೆ ಆಡ್ರೆ ಹೆಪ್‌ಬರ್ನ್, ಹಾಡುಗಳ ಬಹುಪಾಲಿಗೆ ಮಾರ್ನಿ ನಿಕ್ಸನ್ ಎಂಬ ಗಾಯಕಿಯ ಹಿನ್ನೆಲೆ ದನಿ. ಲೇಖನ ಓದಿ ಆಸೆಪಟ್ಟು ಯಾರಾದರೂ ಹಳೆ ರೆಕಾರ್ಡಿನ ಅಂಗಡಿಗೆ ಹೋಗಿ ಚಿತ್ರ ತೋರಿಸಿ ಕೊಂಡರೆ, ಮನೆಗೆ ತಂದು ಬೇರೊಬ್ಬರ ದನಿ ಕೇಳುತ್ತಾರೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಬೀದಿಯಲ್ಲಿ ಹೂ ಮಾರುವ ಎಲೈಜಾಗೆ ಹಿಗಿನ್ಸ್ ಎಂಬ ಮೇಷ್ಟ್ರು ಶುದ್ಧ ಉಚ್ಚಾರ ಕಲಿಸುವ ಈ ನಾಟಕ ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ಥಿಯೇಟರಿನಲ್ಲಿ ತೆರೆ ಕಂಡಿದ್ದು 1956ರ ಮಾರ್ಚ್ 15ರಂದು. 1962ರ ಸೆಪ್ಟೆಂಬರ್ ಕೊನೆಯವರೆಗೆ 2,717 ಪ್ರಯೋಗಗಳು. ಸಾಹಿತ್ಯ ಅಲನ್ ಜೇ ಲರ್ನರ್ ಅವರದು, ಸಂಗೀತ ಫ್ರೆಡರಿಕ್ ಲೋವ್ ಅವರದು, ನಿರ್ದೇಶನ ಮಾಸ್ ಹಾರ್ಟ್. ಹಣ ಹಾಕಿದ್ದು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್. ಹಾಕಿಸಿದ್ದು ಅದೇ ಕಂಪನಿಯ ಕೊಲಂಬಿಯಾ ರೆಕಾರ್ಡ್ಸ್‌ನ ಗಾಡರ್ಡ್ ಲೀಬರ್‌ಸನ್. ತೆರೆ ಎದ್ದ ಹತ್ತನೆಯ ದಿನ, ಮಾರ್ಚ್ 25ರ ಭಾನುವಾರ, ಇಡೀ ತಂಡವನ್ನು 30ನೇ ಬೀದಿಯ ಸ್ಟುಡಿಯೋಕ್ಕೆ ಕರೆದೊಯ್ದು ಒಂದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿದರು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು, ಬಹಳ ಎತ್ತರದ ಚಾವಣಿ. ದನಿಯ ಸುತ್ತ ಕೇಳಿಸುವ ಹಗುರವಾದ ಅನುರಣನ ಆ ಕಟ್ಟಡದ್ದು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 2ಕ್ಕೆ, ರೆಕಾರ್ಡು ಅಂಗಡಿಯಲ್ಲಿತ್ತು. ಜೂಲಿಗೆ ಆಗ ಇಪ್ಪತ್ತು ವರ್ಷ.

ಆ ರೆಕಾರ್ಡಿನ ಗುರುತು: ಕೊಲಂಬಿಯಾ ಮಾಸ್ಟರ್‌ವರ್ಕ್ಸ್, ಓಎಲ್ 5090, ಮೋನೊ, ಅಂದರೆ ಇಡೀ ದನಿ ಒಂದೇ ಚಾನೆಲ್ಲಿನಲ್ಲಿ. ಹೊದಿಕೆಯ ಮೇಲೆ ಆಲ್ ಹರ್ಷ್‌ಫೆಲ್ಡ್ ಬರೆದ ಚಿತ್ರ: ಮೂಲ ನಾಟಕ ಬರೆದ ಬರ್ನಾರ್ಡ್ ಶಾ ಮೋಡದಲ್ಲಿ ಕೂತು ಹಿಗಿನ್ಸನ ಸೂತ್ರ ಎಳೆಯುತ್ತಾನೆ, ಹಿಗಿನ್ಸ್ ಎಲೈಜಾಳ ಸೂತ್ರ ಎಳೆಯುತ್ತಾನೆ. ನಮ್ಮ ಸೂತ್ರದ ಗೊಂಬೆಯಾಟ ನೋಡಿದವರಿಗೆ ವಿವರಣೆ ಬೇಡ. ಇದೇ ಬಗೆಯ ಹೊದಿಕೆಯಲ್ಲಿ ಇನ್ನೊಂದು ರೆಕಾರ್ಡು ಇದೆ, ಓಎಸ್ 2015. ಅದು ಸ್ಟೀರಿಯೋ, ಎಡ ಬಲಕ್ಕೆ ಬೇರೆ ಬೇರೆ ಚಾನೆಲ್. ನಾಟಕ 1958ರಲ್ಲಿ ಲಂಡನ್ನಿನ ಡ್ರೂರಿ ಲೇನ್‌ಗೆ ಹೋದ ಮೇಲೆ, 1959ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲೇ ಮಾಡಿದ ಮುದ್ರಣ. ಹಿಗಿನ್ಸನಾಗಿ ರೆಕ್ಸ್ ಹ್ಯಾರಿಸನ್, ಎಲೈಜಾ ಆಗಿ ಜೂಲಿ, ಅವಳ ಅಪ್ಪನಾಗಿ ಸ್ಟ್ಯಾನ್ಲಿ ಹಾಲೊವೇ ಇದರಲ್ಲೂ ಅವರೇ. ಎಲೈಜಾಳನ್ನು ಮೆಚ್ಚುವ ಫ್ರೆಡಿಯ ಪಾತ್ರಧಾರಿ ಮತ್ತು ವಾದ್ಯವೃಂದದ ನಿರ್ವಾಹಕ ಬೇರೆ. ಒಂದೇ ಮುದ್ರಣದ ಮೋನೊ, ಸ್ಟೀರಿಯೋ ಪ್ರತಿಗಳೆಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ನಡುವೆ ಸುಮಾರು ಮೂರು ವರ್ಷದ ರಂಗಾನುಭವ ಇದೆ, ಮತ್ತು ಅದು ಕೇಳಿಸುತ್ತದೆ.

ಯಾವುದು ಮೇಲು? ಸ್ಟೀರಿಯೋ ಇದ್ದದ್ದೇ ಮೇಲು ಎನ್ನುವವರೇ ಹೆಚ್ಚು. ನನ್ನ ಮತ ಮೋನೊಗೆ. ಹ್ಯಾರಿಸನ್ ಹಾಡುಗಾರನಲ್ಲ, ಸ್ವರದ ಅಂಚಿನಲ್ಲಿ ಮಾತಾಡುತ್ತಾ ಹೋಗುವವನು. ನ್ಯೂಯಾರ್ಕಿಗೆ ಬರುವ ಮುಂಚೆ ನ್ಯೂ ಹೇವನ್ ಊರಿನಲ್ಲಿ ಮೊದಲ ಪ್ರಯೋಗದ ದಿನ ವಾದ್ಯವೃಂದಕ್ಕೆ ಹೆದರಿ ರಂಗಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಿದ್ದ. 1956ರ ಮುದ್ರಣದಲ್ಲಿ ಆ ಚುರುಕು, ಆ ಅಳುಕು ಇನ್ನೂ ಇದೆ. 1959ರ ಹೊತ್ತಿಗೆ ಆಸಾಮಿ ಆರಾಮಾಗಿ ಕಾಲು ಚಾಚಿ ಕೂತಿದ್ದಾನೆ.

ಇನ್ನು ಜೂಲಿ. ಈ ನಾಟಕದ ಜೀವ ಉಚ್ಚಾರದಲ್ಲಿದೆ. ಹೂ ಮಾರುವ ಎಲೈಜಾಗೆ ಹಕಾರ ಬರುವುದಿಲ್ಲ, ಹಿಗಿನ್ಸ್ ಅವಳ ಬಾಯಲ್ಲಿ 'ಇಗಿನ್ಸ್'. ಹಾಸನವನ್ನು 'ಆಸನ' ಎಂದು ಮೇಷ್ಟ್ರಿಂದ ಬೈಸಿಕೊಂಡ ಹಳೇ ಮೈಸೂರಿನ ಮಕ್ಕಳಿಗೆ ಈ ಪೇಚಾಟ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಬದಿಯ ಮೂರನೆಯ ತುಣುಕು 'ವುಡಂಟ್ ಇಟ್ ಬಿ ಲವರ್ಲಿ'ಯಲ್ಲಿ ಅವಳ ಸ್ವರಗಳು ಅಡ್ಡಾದಿಡ್ಡಿ ಬೀದಿಯವು. 'ಜಸ್ಟ್ ಯು ವೆಯ್ಟ್'ನಲ್ಲಿ ಅದೇ ಬಾಯಿ ಸಿಟ್ಟಿನಿಂದ ಕುದಿಯುತ್ತದೆ. ಆಮೇಲೆ 'ದ ರೇನ್ ಇನ್ ಸ್ಪೇನ್', ನಾಲಿಗೆ ತಿರುಗುವ ಗಳಿಗೆ. ಅದರ ಬೆನ್ನಿಗೇ, ಬದಿಯ ಕೊನೆಯಲ್ಲಿ, 'ಐ ಕುಡ್ ಹ್ಯಾವ್ ಡ್ಯಾನ್ಸ್ಡ್ ಆಲ್ ನೈಟ್'. ಇಲ್ಲಿ ತೊಳೆದಿಟ್ಟಂತಹ ಉಚ್ಚಾರ, ಬಾಲ್ಯದಿಂದ ಪಳಗಿದ ಎತ್ತರದ ದನಿ. ಒಂದು ಬದಿ, ಸುಮಾರು ಇಪ್ಪತ್ತೈದು ನಿಮಿಷ. ಒಬ್ಬಳ ಬಾಯಿ ಬದಲಾಗುವುದನ್ನು ಕಿವಿಯಲ್ಲೇ ನೋಡಬಹುದು.

ತೊಂದರೆ ಶುರುವಾಗುವುದೂ ಅಲ್ಲೇ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತು ಒಂದೇ ಸಮ ಸುತ್ತುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಉದ್ದದ, ದನಿ ಕೆತ್ತಿದ ಗೆರೆ ಹಾಯುತ್ತದೆ. ಲೇಬಲ್ಲಿನ ಹತ್ತಿರ ಬರುವಾಗ ಅದು 21ಕ್ಕೆ ಇಳಿದಿರುತ್ತದೆ. ಅದೇ ಸಕಾರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಿರುತ್ತಾರೆ, ತಿರುವುಗಳು ಇಕ್ಕಟ್ಟಾಗಿ ಮುಳ್ಳು ತಡವರಿಸುತ್ತದೆ. ಎಲೈಜಾಳ ಮಾತು ನೆಟ್ಟಗಾಗುತ್ತಾ ಹೋದಂತೆ ಗೆರೆ ಅದನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ! ಲೇಖನದಲ್ಲಿ 'ಹಳೆ ರೆಕಾರ್ಡಿನ ಹಿತವಾದ ಕರಕರ' ಎಂದು ಬಣ್ಣಿಸಿರುವುದು ಬಹುಮಟ್ಟಿಗೆ ಸವೆದ ಗೆರೆ ಅಥವಾ ತಪ್ಪಾಗಿ ಕೂಡಿಸಿದ ಮುಳ್ಳು. ಅದರಲ್ಲಿ ಹಿತವೇನೂ ಇಲ್ಲ.

ಕೊಳ್ಳುವಾಗ ಮೊದಲ ಬದಿಯ ಕೊನೆಯ ಮೂರು ನಿಮಿಷ ಹಾಕಿಸಿ ಕೇಳಿ, ಮಿಕ್ಕದ್ದು ಬೇಡ. ಹಾಕಿಸಲಾಗದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕಪ್ಪು ಹೊಳಪಿನ ನಡುವೆ ಲೇಬಲ್ಲಿನ ಕಡೆಗೆ ಬೂದು ಮಬ್ಬು ಕಂಡರೆ ಅದು ಧೂಳಲ್ಲ, ಮುಳ್ಳನ್ನು ಹೊತ್ತ ಅಂದಿನ ಭಾರದ ಆರ್ಮುಗಳು ಉತ್ತು ಹೋದ ಗುರುತು, ತೊಳೆದರೆ ಹೋಗುವುದಿಲ್ಲ. ಉಗುರಿಗೆ ತಾಗದ ಮೇಲ್ಗೀರು ಸಾಮಾನ್ಯವಾಗಿ ಅಪಾಯವಿಲ್ಲ. ಲೇಬಲ್ ಬೂದು ಬಣ್ಣದ್ದಾಗಿ ಎರಡೂ ಪಕ್ಕ ಸೇರಿ ಆರು 'ಕಣ್ಣು'ಗಳು, ಅಂದರೆ ಕಣ್ಣಿನಾಕಾರದ ಗುರುತುಗಳು, ಇದ್ದರೆ 1962ಕ್ಕೆ ಮುಂಚಿನ ಅಚ್ಚು. ಎರಡೇ ಕಣ್ಣಿದ್ದರೆ ಅದರ ನಂತರದ್ದು. ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಎಕ್ಸ್‌ಎಲ್‌ಪಿ ಎಂದು ಶುರುವಾಗುವ ಸಂಖ್ಯೆ ಮೋನೊದ್ದು, ಎಕ್ಸ್‌ಎಸ್‌ಎಂ ಸ್ಟೀರಿಯೋದ್ದು. ಲಕ್ಷಗಟ್ಟಲೆ ಮಾರಾಟವಾದ ಸರಕು ಇದು. ಅಪರೂಪದ ವಸ್ತು ಎಂದು ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ. ಆರು ಕಣ್ಣಿನ ಸವೆದ ಪ್ರತಿಗಿಂತ ಎರಡು ಕಣ್ಣಿನ ಸವೆಯದ ಪ್ರತಿ ಎಷ್ಟೋ ವಾಸಿ.

ಮೋನೊ ರೆಕಾರ್ಡನ್ನು ಸ್ಟೀರಿಯೋ ಕಾರ್ಟ್ರಿಡ್ಜಿನಲ್ಲಿ (ಮುಳ್ಳು ಕೂತಿರುವ ಪುಟ್ಟ ಡಬ್ಬಿ) ಧಾರಾಳವಾಗಿ ಕೇಳಬಹುದು. ಒಂದೇ ಎಚ್ಚರ: ಮೋನೊ ಗೆರೆಯಲ್ಲಿ ಸಂಗೀತ ಇರುವುದು ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗಿನ ಅಲುಗಾಟವೆಲ್ಲ ಧೂಳು, ಗೀರು, ಮೋಟಾರಿನ ಗುರ್‌ಗುರ್. ಆಂಪ್ಲಿಫೈಯರಿನಲ್ಲಿ ಮೋನೊ ಗುಂಡಿ ಇದ್ದರೆ ಒತ್ತಿ. ಎರಡು ಚಾನೆಲ್ ಕೂಡಿದಾಗ ಆ ಕಸ ಒಂದಕ್ಕೊಂದು ವಜಾ ಆಗಿ ಹಿನ್ನೆಲೆ ತಟ್ಟನೆ ತಿಳಿಯಾಗುತ್ತದೆ. ಗುಂಡಿ ಇಲ್ಲದಿದ್ದರೆ ಟರ್ನ್‌ಟೇಬಲ್ಲಿಗೂ ಅದರ ಸಣ್ಣ ಸದ್ದನ್ನು ಸರಿಮಾಡಿ ಹಿಗ್ಗಿಸುವ ಫೋನೊ ಸ್ಟೇಜಿಗೂ ನಡುವೆ ಎರಡು ವೈ-ಕೇಬಲ್ ಹಾಕಿ, ಒಂದರಲ್ಲಿ ಎರಡನ್ನು ಕೂಡಿಸಿ ಇನ್ನೊಂದರಲ್ಲಿ ಮತ್ತೆ ಎರಡಾಗಿ ಒಡೆದರೂ ಸಾಕು. 1956ರ ಮೋನೊ ಗೆರೆಗೆ ಹೇಳಿದ ಮುಳ್ಳಿನ ತುದಿ 25 ಮೈಕ್ರಾನ್ ದುಂಡನೆಯದು, ಸ್ಟೀರಿಯೋ ಮುಳ್ಳು 18ರದ್ದು. ಚೆನ್ನಾಗಿರುವ ಪ್ರತಿಗೆ 25 ಸರಿ. ಸವೆದ ಪ್ರತಿಗೆ 18ರದ್ದನ್ನು ಹಾಕಿ ನೋಡಿ. ಅದು ಗೆರೆಯಲ್ಲಿ ಇನ್ನಷ್ಟು ಕೆಳಗೆ, ಹಳೆ ಮುಳ್ಳು ಮುಟ್ಟದ ಗೋಡೆಯ ಮೇಲೆ ಕೂರಬಹುದು. ಸುಂಯ್ ಎಂಬ ಸದ್ದು ಹೆಚ್ಚಾದರೆ ತುದಿ ಗೆರೆಯ ತಳ ಕೆರೆಯುತ್ತಿದೆ ಎಂದರ್ಥ, ಹಿಂದಕ್ಕೆ ಬನ್ನಿ. ನಿಮಿಷಕ್ಕೆ 78 ಸುತ್ತಿನ ಹಳೆಯ ರೆಕಾರ್ಡಿನ ದಪ್ಪ ಮುಳ್ಳನ್ನು ಮಾತ್ರ ಇದಕ್ಕೆ ತೋರಿಸಲೂ ಬೇಡಿ.

ಮುಳ್ಳು ರೆಕಾರ್ಡನ್ನು ಒತ್ತುವ ತೂಕ ಕಾರ್ಟ್ರಿಡ್ಜಿನ ಜೊತೆ ಕೊಟ್ಟ ಹಾಳೆಯಲ್ಲಿ ಹೇಳಿದಷ್ಟೇ ಇರಲಿ. ಬಹಳ ಜನರ ಬಳಿ ಇರುವ ಆಡಿಯೋ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್ ಆದರೆ 1.8. ರೆಕಾರ್ಡಿಗೆ ಹಗುರವಾಗಲಿ ಎಂದು ಒಂದೂವರೆಗೆ ಇಳಿಸುವ ಕರುಣೆ ಬೇಡ. ಹಗುರಾದ ಮುಳ್ಳು ಗಟ್ಟಿ ಸ್ವರಕ್ಕೆ ಗೋಡೆ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ; ಹೆಚ್ಚು ಗಾಯ ಅದರಿಂದಲೇ. ಕಾರ್ಟ್ರಿಡ್ಜನ್ನು ಹಾಳೆಯ ಅಳತೆಪಟ್ಟಿಯಿಂದ ಕೂಡಿಸುವಾಗ, ಪ್ರಿಂಟ್ ಸರಿಯಾದ ಅಳತೆಗೆ ಬಂದಿದೆಯೇ ಎಂದು ಸ್ಕೇಲಿಟ್ಟು ನೋಡಿ. ಸಾಮಾನ್ಯ ಪಟ್ಟಿಗಳಲ್ಲಿ ಒಳಗಿನ ಸರಿಬಿಂದು, ಅಂದರೆ ಮುಳ್ಳು ಗೆರೆಗೆ ನೆಟ್ಟಗೆ ಕೂರುವ ಜಾಗ, ರೆಕಾರ್ಡಿನ ನಡುವಿನಿಂದ 66 ಮಿಲಿಮೀಟರ್ ದೂರದಲ್ಲಿರುತ್ತದೆ. ಸ್ಟೀವನ್‌ಸನ್ ಎಂಬ ಇನ್ನೊಂದು ಲೆಕ್ಕದಲ್ಲಿ ಅದು 60.3. ಬದಿಯ ಕೊನೆಯಲ್ಲೇ ಮುಖ್ಯ ಹಾಡಿರುವ ಇಂಥ ರೆಕಾರ್ಡಿಗೆ ಎರಡನೆಯದೇ ಹೊಂದುತ್ತದೆ. ನಡುಭಾಗದಲ್ಲಿ ತುಸು ನಷ್ಟ, ಅಲ್ಲಿ ಅದು ಗೊತ್ತಾಗುವುದಿಲ್ಲ. ಕೂಡಿಸಿದ ಮೇಲೆ ಮೋನೊ ಗುಂಡಿ ಬಿಟ್ಟು ಕೇಳಿ. ಜೂಲಿಯ ದನಿ ಎರಡು ಸ್ಪೀಕರಿನ ನಟ್ಟನಡುವೆ ನಿಲ್ಲಬೇಕು. ಸಕಾರ ಬಲಗಡೆ ಮಾತ್ರ ಸಿಡಿದರೆ ಆರ್ಮನ್ನು ಹೊರಕ್ಕೆ ಎಳೆದು ಹಿಡಿಯುವ ಆಂಟಿಸ್ಕೇಟ್ ಸಾಲದು: ಆರ್ಮು ಒಳಕ್ಕೆ ಜಗ್ಗಿ, ಬಲ ಚಾನೆಲ್ ಇರುವ ಹೊರಗೋಡೆಯ ಮೇಲಿನ ಹಿಡಿತ ಸಡಿಲಾಗಿರುತ್ತದೆ. ಎರಡೂ ಕಡೆ ಸಿಡಿದರೆ ಮುಳ್ಳಿನಲ್ಲಿ ಧೂಳಿನ ಉಂಡೆ, ಸವೆದ ಮುಳ್ಳು, ಸವೆದ ಗೆರೆ, ಈ ಕ್ರಮದಲ್ಲಿ ಹುಡುಕಿ. ಅಂಡಾಕಾರದ ಸಾಧಾರಣ ಮುಳ್ಳಿನ ಆಯಸ್ಸು ಸುಮಾರು 300 ಗಂಟೆ.

ಟರ್ನ್‌ಟೇಬಲ್ಲಿನ ವೈರನ್ನು ನೇರ ಆಂಪ್ಲಿಫೈಯರಿನ ಆಕ್ಸ್ ಎಂಬ ಸಾಮಾನ್ಯ ತೂತಿಗೆ ಸಿಕ್ಕಿಸುವವರಿದ್ದಾರೆ. ದನಿ ಬಹಳ ಸಣ್ಣಗೆ, ತಗಡಿನಂತೆ ಬರುತ್ತದೆ, ಸಕಾರ ಚುಚ್ಚುತ್ತದೆ. ರೆಕಾರ್ಡು ಕೆತ್ತುವಾಗ ತಗ್ಗು ಸ್ವರ ಕುಗ್ಗಿಸಿ ಎತ್ತರದ ಸ್ವರ ಹಿಗ್ಗಿಸಿರುತ್ತಾರೆ. ಅದನ್ನು ತಿರುಗಿಸಿ ಸರಿಮಾಡುವುದೇ ಫೋನೊ ಸ್ಟೇಜಿನ ಕೆಲಸ. ಅದಿಲ್ಲದೆ ಯಾರ ಉಚ್ಚಾರವನ್ನೂ ಅಳೆಯಲು ಹೋಗಬೇಡಿ.

ಇನ್ನೊಂದು, ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೆ. ಅಲ್ಲಿಂದ ಹಳೆಯ ಟರ್ನ್‌ಟೇಬಲ್ ತಂದು, 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿ, ಎಲ್ಲ ಸರಿಯಾಯಿತು ಎಂದುಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಕರೆಂಟಿನ ಆವರ್ತ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಕರೆಂಟಿನ ಆವರ್ತಕ್ಕೆ ತಕ್ಕಂತೆ ಸುತ್ತುವ ಹಳೆಯ ಎಸಿ ಸಿಂಕ್ರೊನಸ್ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ, ಅಂದರೆ 27.8 ಸುತ್ತಿನಲ್ಲಿ ಸುತ್ತುತ್ತದೆ. ಶ್ರುತಿ ಮೂರು ಅರ್ಧಸ್ವರಕ್ಕಿಂತ ಹೆಚ್ಚು ಕೆಳಗೆ. ಇಪ್ಪತ್ತರ ಜೂಲಿ ನಿದ್ದೆಗಣ್ಣಿನ ದೊಡ್ಡಮ್ಮನಂತೆ ಹಾಡುತ್ತಾಳೆ. 50 ಹರ್ಟ್ಸಿನ ದೊಡ್ಡ ಪುಲ್ಲಿ ಹಾಕಿದರೆ ವೇಗ ಸರಿಹೋಗುತ್ತದೆ. ಡಿಸಿ ಮೋಟಾರಿನವಕ್ಕೂ ಕ್ವಾರ್ಟ್ಸ್ ನಿಯಂತ್ರಣದವಕ್ಕೂ ಈ ರೋಗವಿಲ್ಲ. ಸ್ಟ್ರೋಬ್ ಹಾಳೆ (ಬಲ್ಬಿನ ಮಿನುಗಿನಲ್ಲಿ ಅದರ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ) ಇಟ್ಟು ವೇಗ ನೋಡುವವರು 180 ಗೆರೆಯ ವೃತ್ತ ನೋಡಬೇಕು, 216ರದ್ದು ಅಮೆರಿಕದ್ದು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಅನೇಕಕ್ಕೆ ಆ ಮಿನುಗು ಇರುವುದಿಲ್ಲ, ಹಳೇ ಬಲ್ಬು ಹುಡುಕಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ತೊಳೆಯುವ ನೀರು ಹೀಗೆ: ಒಂದು ಲೀಟರಿಗೆ 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಫೋಟೊ ತೊಳೆಯುವವರ ವೆಟಿಂಗ್ ಏಜೆಂಟ್ ಮೂರು ನಾಲ್ಕು ಹನಿ. ಗೆರೆಯ ಸುತ್ತಿನಂತೆ ಮೃದುವಾದ ಬ್ರಷ್ಷಿನಿಂದ ತಿರುಗಿಸಿ, ಬರಿಯ ಡಿಸ್ಟಿಲ್ಡ್ ವಾಟರಿನಿಂದ ಎರಡು ಸಲ ಜಾಲಿಸಿ. ಜಾಲಿಸದೆ ಬಿಟ್ಟರೆ ಒಣಗಿದ ಸೋಪಿನ ಪದರವೇ ಕರಕರ ಎನ್ನುತ್ತದೆ. ಲೇಬಲ್ಲಿಗೆ ನೀರು ಸೋಕದಿರಲಿ. ಈ ನೀರು ಅರಗಿನ 78ರ ರೆಕಾರ್ಡಿಗೆ ಸೋಕಲೇಬಾರದು, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಹಳೆಯ ಒಳಚೀಲಕ್ಕೆ ಮತ್ತೆ ತುರುಕಿದರೆ ತೊಳೆದದ್ದು ದಂಡ. ಹೊಸ ಪಾಲಿಥೀನ್ ಒಳಚೀಲ ಹಾಕಿ, ನೆಟ್ಟಗೆ ನಿಲ್ಲಿಸಿಡಿ.

ಜೂಲಿಯನ್ನು ಕೇಳಿ ಇನ್ನೂ ಬೇಕೆನಿಸಿದವರಿಗೆ ಹಿಂದೆ 1954ರ 'ದ ಬಾಯ್ ಫ್ರೆಂಡ್' ಇದೆ, ಆರ್‌ಸಿಎ ವಿಕ್ಟರಿನದು. ಮುಂದೆ 1960ರ 'ಕ್ಯಾಮೆಲಾಟ್' ಇದೆ, ಅದು ಹುಟ್ಟಿನಿಂದಲೇ ಸ್ಟೀರಿಯೋ. 1997ರ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಆಕೆ ಹಾಡುವ ದನಿ ಕಳೆದುಕೊಂಡರು. ಎಲೈಜಾಳನ್ನು ಆಕೆ ಸಿನಿಮಾದಲ್ಲಿ ಮಾಡಲಿಲ್ಲವಾದ್ದರಿಂದ ಆ ಪಾತ್ರದ ಹಾಡುಗಳೆಲ್ಲ ಆಕೆಯ ಬಾಯಲ್ಲಿ ಒಟ್ಟಿಗೆ ಸಿಗುವುದು ಮೇಲೆ ಹೇಳಿದ ಎರಡು ರೆಕಾರ್ಡುಗಳಲ್ಲಿ.

ತಿದ್ದುಪಡಿ ಹಾಕುವುದಾದರೆ ಹರ್ಷ್‌ಫೆಲ್ಡರ ಚಿತ್ರವಿರುವ ಹೊದಿಕೆ ಅಚ್ಚುಮಾಡಿ, ಕೆಳಗೆ ಓಎಲ್ 5090 ಎಂಬ ಸಂಖ್ಯೆಯನ್ನೂ ಕೊಡಿ. ಅಂಗಡಿಯಲ್ಲಿ ಓದುಗರಿಗೆ ಬೇಕಾಗುವುದು ಅದೇ.

ಇತಿ,
ಪುರವಣಿಯ ಓದುಗ
ಮಲ್ಲೇಶ್ವರ, ಬೆಂಗಳೂರು